ಕೆಥೆಡ್ರಲ್ಲಿಗೆ ಪ್ರದಕ್ಷಿಣೆ

ಇಂಗ್ಲೆಂಡಿನ ಆ ಹಳೆಯ ಊರನ್ನು ನಾನು ಇವತ್ತಿಗೂ ಕಣ್ಣಿಂದ ನೋಡಿಲ್ಲ. ಆದರೂ ಅದರ ಉತ್ತರದ ಬಾಗಿಲಿಂದ ಒಳಗೆ ಬಂದರೆ ಮಾಂಸದಂಗಡಿಗಳ ಓಣಿ ಎಲ್ಲಿ ಸಿಗುತ್ತದೆ, ಕುಷ್ಠರೋಗಿಗಳು ಯಾವ ಕಿಂಡಿಯಿಂದ ಪೂಜೆ ನೋಡುತ್ತಿದ್ದರು, ಸನ್ಯಾಸಿಗಳು ಓಡಾಡುತ್ತಿದ್ದ ಯಾವ ಬಾಗಿಲನ್ನು ಕಲ್ಲಿಟ್ಟು ಮುಚ್ಚಿದ್ದಾರೆ, ಎಲ್ಲ ಬಲ್ಲೆ. ಅದನ್ನೆಲ್ಲ ನನಗೆ ನಡೆಸಿ ತೋರಿಸಿದವರು ನೈರೋಬಿಯ ಪಾರ್ಕ್‌ಲ್ಯಾಂಡ್ಸಿನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದ ಮಾವ.

ಸ್ವಂತ ಮಾವನಲ್ಲ. ನನ್ನ ಗಂಡನ ಟೆಲಿಕಾಂ ಕಂಪನಿ ನಮ್ಮನ್ನು ಅಲ್ಲಿಗೆ ಕಳಿಸಿದಾಗ ಆ ಕಟ್ಟಡದಲ್ಲಿ ಕನ್ನಡದವರು ಅಂತ ಇದ್ದದ್ದು ಆ ಹಿರಿಯ ದಂಪತಿ ಮಾತ್ರ. ನಾನು ಅಜ್ಜಿಯರ ಮಧ್ಯೆ ಮಾತು ಕಲಿತವಳು, ಅಂಕಲ್ ಆಂಟಿ ಅನ್ನಲು ನಾಲಿಗೆ ಏಳುವುದಿಲ್ಲ. ಮಾವ, ಅತ್ತೆ ಅಂದೆ. ಊರಲ್ಲಿದ್ದ ನನ್ನ ನಿಜವಾದ ಅತ್ತೆ ಫೋನಿನಲ್ಲಿ, "ಯಾವ ಅತ್ತೆ ಕೈಲಿ ಹುಳಿಪುಡಿ ಮಾಡಿಸ್ಕೊಂಡೆ? ನಂದು ಖಾಲಿ ಆಯ್ತಾ?" ಎಂದು ಕೇಳುತ್ತಿದ್ದರು.

ಮಾವ ಮೈಸೂರಿನವರು. ಬಹಳ ಹಿಂದೆ ಬಟ್ಟೆ ಗಿರಣಿಯ ಇಂಜಿನಿಯರ್ ಆಗಿ ಕೀನ್ಯಾಕ್ಕೆ ಬಂದು ಅಲ್ಲೇ ಉಳಿದವರು. ಅದಕ್ಕೂ ಮುಂಚೆ, ಮದುವೆಗೂ ಮುಂಚೆ, ಯಂತ್ರಗಳ ತರಬೇತಿಗೆಂದು ಇಂಗ್ಲೆಂಡಿನ ಆ ಊರಿನಲ್ಲಿದ್ದರು, ಕೆಥೆಡ್ರಲ್ ಅನ್ನುವ ದೊಡ್ಡ ಚರ್ಚು ಇದ್ದ ಊರು. ಭಾನುವಾರ ಅಂಗಡಿಯಿಲ್ಲ, ಸಸ್ಯಾಹಾರಿಗೆ ಊಟವಿಲ್ಲ, ಮಾತಿಗೆ ಜನವಿಲ್ಲ. ಹಾಗಾಗಿ ನಡೆದಿದ್ದರು, ಊರಿನ ಒಂದೊಂದು ಕಲ್ಲಿನ ಕತೆಯನ್ನೂ ಕೇಳಿ ತಿಳಿದಿದ್ದರು. ನಾವು ಹೋಗುವ ಹೊತ್ತಿಗೆ ಅವರ ನೆನಪು ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತಿತ್ತು. ಊಟ ಮಾಡಿದ್ದು ಮರೆಯುತ್ತಿದ್ದರು. ಕೀನ್ಯಾ ಪೂರ್ತಿ ಅಳಿಸಿಹೋಗುತ್ತಿತ್ತು. ಆ ಊರು ಮಾತ್ರ ಒಂದು ಇಟ್ಟಿಗೆಯೂ ಅಲುಗದೆ ನಿಂತಿತ್ತು.

ದಿನಾ ನಡೆಸಿ ಎಂದು ಡಾಕ್ಟರು ಹೇಳಿದ್ದರು. ಅತ್ತೆಗೆ ಮಂಡಿನೋವು. ಹೀಗಾಗಿ ಬೆಳಿಗ್ಗೆ ಅವರ ಜೊತೆ ಹೋಗುವ ಕೆಲಸ ನನ್ನದಾಯಿತು. ಮೊದಲ ದಿನವೇ ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದು ಹೇಳಿದರು:

"ನೋಡು, ಅವ್ರು ಎಲ್ಲಿಗೆ ಬೇಕಾದ್ರೂ ಹೋಗ್ಲಿ. ವಾಪಸ್ ಬಂದು 'ಏನೇ, ಕಾಫಿ ಕೊಡ್ತೀಯೋ ಇಲ್ವೋ' ಅಂದ್ರೆ ಸಾಕು ನಂಗೆ. ಅಂದ್ರು ಅಂದ್ರೆ ಇವತ್ತು ನಾನಿದೀನಿ ಅಂತ ಅರ್ಥ."

"ಅನ್ನದೇ ಇದ್ರೆ?"

"ಅನ್ನದೇ ಇದ್ರೆ ಆ ಮನುಷ್ಯನಿಗೆ ಮದ್ವೆನೇ ಆಗಿಲ್ಲ ಕಣಮ್ಮ. ನಾನ್ಯಾರು ಮತ್ತೆ?"

ಜುಲೈ ತಿಂಗಳು. ನೈರೋಬಿಯಲ್ಲಿ ಆಗ ಬಿಸಿಲು ಮುಖ ತೋರಿಸುವುದಿಲ್ಲ. ಮಂಜು, ಜಿನುಗು ಮಳೆ, ಸ್ವೆಟರ್ ಹಾಕಿದರೂ ನಡುಕ. ಮಾವನಿಗೆ ಅಷ್ಟೇ ಸಾಕಾಗಿತ್ತು. ಗೇಟು ದಾಟಿ ಬಲಕ್ಕೆ ತಿರುಗಿದರೆ ಇಂಗ್ಲೆಂಡಿನ ಆ ಊರು ಶುರು. ಪೆಟ್ರೋಲ್ ಬಂಕಿನ ಕಮಾನಿನ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು. "ಈ ಬಾಗಿಲ ಮೇಲೆ ರಾಜದ್ರೋಹಿಗಳ ತಲೆ ಸಿಗಿಸ್ತಿದ್ರು. ಕಾಗೆ ತಿಂದು ಮುಗಿಸೋವರೆಗೂ ಇಳಿಸ್ತಿರಲಿಲ್ಲ." ಹಿಂದಿನಿಂದ ಜನ ತುಂಬಿದ ಮಟಾಟು ವ್ಯಾನು ಹಾರ್ನ್ ಹೊಡೆದರೆ ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಮುಂದಿನ ಖಾಲಿ ಸೈಟಿನಲ್ಲಿ ಒಬ್ಬಾಕೆ ಜೋಳ ಸುಡುತ್ತಿದ್ದಳು. "ಪ್ಲೇಗಿನಲ್ಲಿ ಅರ್ಧ ಊರನ್ನ ಇಲ್ಲೇ ಹೂತಿದ್ದು. ಹುಲ್ಲು ಎಷ್ಟು ಸೊಗಸಾಗಿ ಬರತ್ತೆ ನೋಡು," ಎನ್ನುತ್ತಿದ್ದರು. ಆಮೇಲೆ ಆ ಜೋಳ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಕೆಥೆಡ್ರಲಿನ ನೆಲದ ತುಂಬ ಸಮಾಧಿಗಳಂತೆ. ಜನ ಹೆಸರುಗಳ ಮೇಲೇ ಓಡಾಡುತ್ತಾರೆ. ನಮ್ಮವರಿಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ. ಹುಡುಗ ಮಾವ ಒಂದೊಂದು ಕಲ್ಲಿಗೂ ಬಗ್ಗಿ ಬಗ್ಗಿ ಹಾಗೆ ಮಾಡುತ್ತಿದ್ದಾಗ, ಕಾವಲಿನ ಮುದುಕ ಬಂದು ಏನೋ ಬೀಳಿಸಿಕೊಂಡಿದ್ದಾರೆಂದು ತಾನೂ ಮಂಡಿಯೂರಿ ಹುಡುಕತೊಡಗಿದನಂತೆ. ಈ ಕತೆ ಹೇಳುವಾಗ ಮಾವ ಪಾರ್ಕ್‌ಲ್ಯಾಂಡ್ಸಿನ ಫುಟ್‌ಪಾತಿನ ಚಪ್ಪಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನೂ ಸುಮ್ಮನೆ ಒತ್ತಿಕೊಂಡೆ. ಯಾರದೋ ಏನೋ.

ಇನ್ನೊಂದು ದಿನ ತಟ್ಟನೆ ನನ್ನ ತೋಳು ಹಿಡಿದು, "ದಾರಿ ಬಿಡು, ಹೆಣ ಬರ್ತಿದೆ," ಎಂದರು. ನಾವಿಬ್ಬರೂ ಗೋಡೆಗೊತ್ತಿ ತಲೆ ತಗ್ಗಿಸಿ ನಿಂತೆವು. ರಸ್ತೆ ಖಾಲಿಯಿತ್ತು. ಎದುರಿನ ಗೇಟಿನ ಕಾವಲುಗಾರ ನಮ್ಮನ್ನು ನೋಡಿದ, ರಸ್ತೆಯನ್ನು ನೋಡಿದ, ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಾವ ತಲೆಯೆತ್ತುವವರೆಗೂ ಅವನು ಅದನ್ನು ಹಾಕಿಕೊಳ್ಳಲಿಲ್ಲ. ಆವತ್ತು ಒದ್ದೆ ಕಲ್ಲಿನ ವಾಸನೆ ನನ್ನ ಸೆರಗಿನಲ್ಲಿ ಸಂಜೆಯವರೆಗೆ ಇತ್ತು.

ದಾರಿ ಯಾವತ್ತೂ ಒಂದೇ. ನಮ್ಮ ಫ್ಲ್ಯಾಟುಗಳು, ದೇವಸ್ಥಾನ, ಅದರ ಹಿಂದಿನ ಛತ್ರ ಎಲ್ಲ ಒಂದೇ ಬ್ಲಾಕಿನಲ್ಲಿದ್ದವು. ಅದಷ್ಟನ್ನೂ ಬಲಕ್ಕೆ ಇಟ್ಟುಕೊಂಡು ಒಂದು ಸುತ್ತು. ಮಾವನಿಗೆ ಅದೇ ಕೆಥೆಡ್ರಲ್. "ಯಾವ ದೇಶದಲ್ಲೇ ಆಗ್ಲಿ, ದೇವರ ಮನೆ ಕಂಡ್ರೆ ಒಂದು ಪ್ರದಕ್ಷಿಣೆ ಬಾ ಅಂದಿದ್ಲು ನಮ್ಮಮ್ಮ. ಒಳಗಿರೋರು ಯಾರು ಅಂತ ವಿಚಾರಿಸೋದು ನಮ್ ಕೆಲಸ ಅಲ್ಲ," ಎನ್ನುತ್ತಿದ್ದರು. ಸುತ್ತು ಮುಗಿದು ಮನೆಯ ಬಾಗಿಲಿಗೆ ಬಂದರೆ ಆ ಊರು ಕರಗುತ್ತಿತ್ತು. ಕುರ್ಚಿಯಲ್ಲಿ ಕುಳಿತು "ಏನೇ" ಎನ್ನುತ್ತಿದ್ದರು. ಅತ್ತೆ ಒಳಗಿನಿಂದ, "ಬಂದೆ, ನಾನೇನು ಓಡಿಹೋಗಿಲ್ಲ," ಎನ್ನುತ್ತಿದ್ದರು. ಆ ಮಾತು ಕೇಳಿದ ಮೇಲೆಯೇ ನಾನು ಮಹಡಿ ಹತ್ತುತ್ತಿದ್ದದ್ದು.

ಒಂದು ಬೆಳಿಗ್ಗೆ ಗೇಟಿನ ಬಲಕ್ಕೆ ರಸ್ತೆ ಅಗೆದಿದ್ದರು. ಕೇಬಲ್ಲಿನ ಹಳ್ಳ, ತುಂಬ ಕೆಸರುನೀರು. ಇವತ್ತು ಬೇಡ ಎಂದು ಹೇಳಲು ನಾನು ತಿರುಗುವಷ್ಟರಲ್ಲಿ ಮಾವ ಎಡಕ್ಕೆ ಹೊರಟಾಗಿತ್ತು. ಹಿಂದೆ ಓಡಿದೆ. ಆ ದಿನ ಅವರು ಬಾಗಿಲು ತೋರಿಸಲಿಲ್ಲ, ರಾಜರ ಕತೆ ಹೇಳಲಿಲ್ಲ. ಮದುವೆಮನೆಗೆ ತಡವಾಗಿ ಹೋದವರಂತೆ ಆಚೀಚೆ ತಲೆಯಾಡಿಸುತ್ತ, ಸಣ್ಣಗೆ ನಗುತ್ತ, ಖಾಲಿ ಫುಟ್‌ಪಾತಿನಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸುತ್ತ ನಡೆದರು. ಅತ್ತೆಯ ಬಾಯಲ್ಲಿ ಕೇಳಿದ್ದ ಹೆಸರುಗಳು, ಎಲ್ಲ ಸತ್ತವರು. ದೇವಸ್ಥಾನದ ಹಿಂಗೋಡೆಯ ಹತ್ತಿರ ನಿಂತೇಬಿಟ್ಟರು.

"ಅಮ್ಮ," ಎಂದರು, "ಈ ಚಳೀಲಿ ನೀನ್ಯಾಕೆ ಇಲ್ಲಿಗೆ ಬಂದೆ?"

ನಾನು ಆ ಕಡೆ ನೋಡಲಿಲ್ಲ. ಕೈ ಹಿಡಿದು ಮನೆಗೆ ಕರೆತಂದೆ.

ಕುರ್ಚಿಯಲ್ಲಿ ಕುಳಿತರು. ಅತ್ತೆ ಡಿಕಾಕ್ಷನ್ ಬಿಸಿಗಿಟ್ಟು ಕಾದರು. ಮಾವ "ಏನೇ" ಎನ್ನಲಿಲ್ಲ. ಕೊನೆಗೆ ಅತ್ತೆಯೇ ಲೋಟ ತಂದು ಮುಂದಿಟ್ಟಾಗ, ಅವರು ಅರ್ಧ ಎದ್ದು ನಿಂತು, ಬಹಳ ಮರ್ಯಾದೆಯಿಂದ, "ತಮಗೆ ಸುಮ್ನೆ ತೊಂದರೆ," ಎಂದರು.

ಅತ್ತೆ ನನ್ನ ಕಡೆ ತಿರುಗಿದರು. "ಯಾವ ಕಡೆಯಿಂದ ಹೋದ್ರಿ?"

ಹೇಳಿದೆ.

"ಎಡಕ್ಕಾ? ಚಿತೆ ಸುತ್ತೋ ಹಾಗಾ?"

"ಅತ್ತೆ, ರಸ್ತೆ ಅಗೆದಿದ್ರು. ಇದು ಕಾಯಿಲೆ, ಹೀಗಾಗತ್ತೆ ಅಂತ ಡಾಕ್ಟ್ರು ಹೇಳೇ ಇದ್ರಲ್ಲ..."

"ಡಾಕ್ಟ್ರು ಹೇಳಿದ್ದು ನಂಗೂ ಕೇಳಿಸಿದೆ. ನೀನು ಸುಮ್ನಿರು."

ಒಲೆ ಆರಿಸಿ, ಶಾಲು ಹೊದ್ದು, ಮಾವನ ತೋಳು ಹಿಡಿದು ಹೊರಟೇಬಿಟ್ಟರು. ರಸ್ತೆಗಲ್ಲ, ಅಷ್ಟು ದೂರ ಅವರ ಮಂಡಿ ಬರುವುದಿಲ್ಲ. ಕಾಂಪೌಂಡಿನ ನಡುವೆ, ಕಾರುಗಳ ಮಧ್ಯೆ, ಎತ್ತರದ ಕಲ್ಲಿನ ನೀರಿನ ಟ್ಯಾಂಕು ಇತ್ತು. ಅದನ್ನು ಬಲಕ್ಕೆ ಇಟ್ಟುಕೊಂಡು ಗಂಡನನ್ನು ಸುತ್ತಿಸತೊಡಗಿದರು. ನಾನು ಹಿಂದೆ. ಒಂದು ಸುತ್ತು ಮುಗಿಯಿತು. ಎರಡನೆಯದರಲ್ಲಿ ಮಾವನೇ ಮಾತು ಶುರುಮಾಡಿದರು.

"ತಾವು ಈ ಊರಿನವರೇನಾ?"

"ಅಲ್ಲ. ಮಂಡ್ಯದ ಕಡೆ," ಎಂದರು ಅತ್ತೆ.

"ಹೌದಾ? ನಂಗೂ ಆ ಕಡೆಯಿಂದ್ಲೇ ಒಂದು ಸಂಬಂಧ ಬಂದಿದೆ. ಮನೆಯವರು ಫೋಟೋ ಕಳ್ಸಿದಾರೆ."

ಅತ್ತೆಯ ಕಾಲು ನಿಂತಿತು. ಒಂದು ಕೈ ಟ್ಯಾಂಕಿನ ಗೋಡೆ ಹಿಡಿಯಿತು. ನಾನು ಮುಂದೆ ಹೋಗಬೇಕೆನ್ನುವಷ್ಟರಲ್ಲಿ ಅವರೇ ಮತ್ತೆ ಹೆಜ್ಜೆ ಹಾಕಿದರು.

"ಹೇಗಿದಾಳೆ ಹುಡುಗಿ?"

"ಮೂಗು ಸ್ವಲ್ಪ ದಪ್ಪ. ನಗ್ತಾನೇ ಇಲ್ಲ. ಜಗಳಗಂಟಿ ಇರಬೇಕು."

"ಫೋಟೋ ತೆಗೆಯೋನು ನಗಬೇಡ ಅಂದಿದ್ದ," ಎಂದರು ಅತ್ತೆ.

ಮಾವ ಅದನ್ನು ಗಂಭೀರವಾಗಿ ಯೋಚಿಸಿದರು. "ಹಾಗೂ ಇರಬಹುದು."

"ಮತ್ತೆ? ಒಪ್ಕೊಂಡ್ರಾ?"

"ಇನ್ನೂ ಹೇಳಿಲ್ಲ. ದಿನಾ ಈ ಕೆಥೆಡ್ರಲ್ ಸುತ್ತ ಬರ್ತಾ ಅದನ್ನೇ ಯೋಚಿಸ್ತೀನಿ. ನಾನು ಮಾತು ಕಮ್ಮಿ. ಪಾಪ, ನನ್ ಜೊತೆ ಹೇಗಿರ್ತಾಳೆ ಅವ್ಳು?"

ಅತ್ತೆ ಶಾಲಿನ ಒಂದು ತುದಿಯನ್ನು ಬಿಚ್ಚಿ ಮಾವನ ಹೆಗಲಿಗೂ ಎಳೆದರು.

"ಇರ್ತಾಳೆ. ನೀವು ಯೋಚನೆ ಮಾಡಿ ಹೇಳಿ, ಅವಸರ ಇಲ್ಲ."

ಇಬ್ಬರೂ ಇನ್ನೊಂದು ಸುತ್ತಿಗೆ ಹೊರಟರು. ನಾನೂ ಹಿಂದೆ ಹೊರಟಾಗ ಅತ್ತೆ ತಿರುಗಿ ನೋಡದೆಯೇ ಅಂಗೈ ತೋರಿಸಿ ನಿಲ್ಲಿಸಿದರು. ಮೆಟ್ಟಿಲ ಬಳಿ ನಿಂತೆ. ಟ್ಯಾಂಕಿನ ಆಚೆ ಬದಿಯಿಂದ ಮಾವನ ದನಿ ಕೇಳಿಸಿತು, "ಇಲ್ಲಿ ಕಲ್ಲು ಜಾರತ್ತೆ, ಹುಷಾರು." ಅದರ ಹಿಂದೆಯೇ ಅತ್ತೆಯದು, "ಹಾಗಾದ್ರೆ ಹಿಡ್ಕೊಳಿ."

ಮಂಜು ಇನ್ನೂ ಬಿಟ್ಟಿರಲಿಲ್ಲ. ಅವರು ಈಚೆ ಬದಿಗೆ ಕಾಣಿಸಿಕೊಳ್ಳುವುದು ತಡವಾಯಿತು.