ಚೌಡಯ್ಯನ ಕಿವಿ ಎಣಿಕೆ

ಭದ್ರಾವತಿಯ ಹಳೇ ಊರಿನಲ್ಲಿ ಚೌಡಯ್ಯ ಎಂದರೆ ಯಾವ ಚೌಡಯ್ಯ ಎಂದು ಕೇಳುತ್ತಿದ್ದರು. ಶಿವಮೊಗ್ಗದಲ್ಲಿ ಹಾಗೆ ಕೇಳುವ ಪ್ರಮೇಯವೇ ಇರಲಿಲ್ಲ. ಹಕ್ಕಿ ಚೌಡಯ್ಯ ಎಂದರೆ ಮುಗಿಯಿತು. ಓದಿದ್ದು ಮೂರನೇ ಕ್ಲಾಸು. ಮಾಡುತ್ತಿದ್ದುದು ಅಕ್ಕಿ ಗಿರಣಿಗಳ ಬಾಯ್ಲರ್ ರಿಪೇರಿ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ತಗಡು ಜೋಡಿಸುವ ರಿವೀಟು ಕೆಲಸದ ಕೂಲಿ. ಇಂಥವನನ್ನು ಹೈಸ್ಕೂಲ್ ಮೇಷ್ಟ್ರು, ಮಂಡಿ ಸಾಹುಕಾರರು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದರು ಎಂದರೆ ನಂಬುವುದು ಕಷ್ಟ. ಆದರೆ ಒಂಬತ್ತು ವರ್ಷ ಹಾಗೇ ನಡೆಯಿತು.

ಶಿವಮೊಗ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಶಿವಯೋಗಪ್ಪ ಮೇಷ್ಟ್ರು ಸಾವಿರದ ಒಂಬೈನೂರ ಐವತ್ತೈದರಲ್ಲಿ ವನವಿಹಾರ ಸಂಘ ಅಂತ ಒಂದನ್ನು ಕಟ್ಟಿದರು. ಹೆಸರು ಕೇಳಿ, ಬುತ್ತಿ ಕಟ್ಟಿಕೊಂಡು ಹೋಗಿ ಉಂಡು ಮಲಗಿ ಬರುವ ಸಂಘ ಅಂದುಕೊಳ್ಳಬೇಡಿ. ಬುತ್ತಿ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹದಿನೈದು ಜನ ಸೇರಿ ಕೆರೆ ಏರಿಯ ಮೇಲೆ ಹೊಂಗೆ ಸಸಿ ನೆಟ್ಟು, ಬೇಸಿಗೆಯಲ್ಲಿ ಸರತಿಯ ಮೇಲೆ ನೀರು ಹೊತ್ತು ಉಳಿಸಿದರು. ಬಲೆ ಹಾಕಿ ಬೆಳವನ ಹಕ್ಕಿ ಹಿಡಿಯುವವರ ಕೈಕಾಲು ಹಿಡಿದು ಬಲೆ ಬಿಡಿಸಿದರು. ತಿಂಗಳ ಮೊದಲನೇ ಭಾನುವಾರ ಮಾತ್ರ ತಪ್ಪದೆ ಮಲವಗೊಪ್ಪದ ಆಚೆಗಿದ್ದ ಚೌಡಿಬನಕ್ಕೆ ಹೋಗುತ್ತಿದ್ದರು. ಶಿವಮೊಗ್ಗದವರು ಆ ಕಡೆಯಿಂದ ಸೈಕಲ್ ತುಳಿದು ಬಂದರೆ ಚೌಡಯ್ಯ ಈ ಕಡೆ ಭದ್ರಾವತಿಯಿಂದ ತುಳಿದುಕೊಂಡು ಬರುತ್ತಿದ್ದ. ಎಲ್ಲರಿಗಿಂತ ಮೊದಲು ಅವನೇ ಬಂದಿರುತ್ತಿದ್ದ.

ಆ ಬನದಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು. ಗಿಡಗಂಟಿ ದಟ್ಟವಾಗಿದ್ದ ಜಾಗ, ಕಣ್ಣಿಗೆ ಹಕ್ಕಿ ಬೀಳುವುದು ಕಡಿಮೆ. ಹಾಗಾಗಿ ಹೊತ್ತು ಮೂಡುವಾಗ ಎಲ್ಲರೂ ದೊಡ್ಡ ಮತ್ತಿಮರದ ಬುಡದಲ್ಲಿ ಕಣ್ಣು ಮುಚ್ಚಿ ಕಾಲು ಗಂಟೆ ಕೂರುವುದು. ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಚೌಡಯ್ಯ ಒಂದೊಂದು ಜಾತಿಯ ಹಕ್ಕಿ ಕೂಗಿದಾಗಲೂ ಒಂದೊಂದು ಹುಣಸೆಬೀಜವನ್ನು ಟವೆಲಿನ ಮೇಲೆ ಇಡುತ್ತಾ ಹೋಗುವುದು. ಆಮೇಲೆ ಬೀಜ ಎತ್ತೆತ್ತಿ ಹೆಸರು ಹೇಳುವುದು, ಮೇಷ್ಟ್ರು ಪುಸ್ತಕದಲ್ಲಿ ಬರೆದುಕೊಳ್ಳುವುದು. ಇದಕ್ಕೆ ಕಿವಿ ಎಣಿಕೆ ಎಂದು ಹೆಸರಿಟ್ಟಿದ್ದರು. ಚಿಕ್ಕಂದಿನಲ್ಲಿ ಭದ್ರಾ ಹೊಳೆಯ ದಂಡೆಯಲ್ಲಿ ದನ ಕಾಯುತ್ತಾ ಕಲಿತ ವಿದ್ಯೆ ಅದು, ಅವನಿಗೆ ಪುಸ್ತಕದಿಂದ ಬಂದದ್ದಲ್ಲ.

ಎರಡನೇ ವರ್ಷ ಒಂದು ಪ್ರಸಂಗ ನಡೆಯಿತು. ಅಡಿಕೆ ಮಂಡಿಯ ಚಂದ್ರಶೇಖರಪ್ಪನವರು, ಸಂಘದಲ್ಲಿ ದುರ್ಬೀನು ಇದ್ದ ಒಬ್ಬರೇ ಆಸಾಮಿ, ತಮಗೆ ಗಿಡುಗ ಕೂಗಿದ್ದು ಕೇಳಿಸಿತು, ಚೌಡಯ್ಯ ಬೀಜ ಇಟ್ಟಿಲ್ಲ ಎಂದು ಪಟ್ಟು ಹಿಡಿದರು. ಅದು ಗಿಡುಗ ಅಲ್ಲ, ಗಿಡುಗನ ದನಿ ಕದ್ದು ಕೂಗುವ ಕಾಜಾಣ ಎಂದ ಚೌಡಯ್ಯ. ಹೋಗಿ ನೋಡಿದರೆ ಕೊಂಬೆಯ ತುದಿಯಲ್ಲಿ ಕಾಜಾಣವೇ ಕೂತಿತ್ತು. ಸಾಹುಕಾರರು ದೊಡ್ಡ ಮನಸ್ಸಿನಿಂದ ಎಲ್ಲರೆದುರು ಸೋಲೊಪ್ಪಿಕೊಂಡರು. ಅವತ್ತಿನಿಂದ ಚೌಡಯ್ಯನ ಬೀಜಕ್ಕೆ ಎದುರು ಮಾತಿಲ್ಲ ಎಂದಾಯಿತು. ಅವನು ಇಟ್ಟರೆ ಹಕ್ಕಿ ಉಂಟು, ಇಡದಿದ್ದರೆ ಇಲ್ಲ. ಭಾನುವಾರ ಒಂದು ದಿನ ತಲೆ ಎತ್ತಿ ಓಡಾಡುವ ಆ ಸುಖ ಅವನಿಗೆ ತಿಂಗಳ ಉಳಿದ ದಿನಗಳನ್ನು ದಾಟಿಸುತ್ತಿತ್ತು.

ಉಳಿದ ದಿನಗಳು ಹೇಗಿದ್ದವು ಎಂದು ಸಂಘದವರು ಒಬ್ಬರೂ ಕೇಳಲಿಲ್ಲ. ಬಾಯ್ಲರಿಗೆ ರಿವೀಟು ಹೊಡೆಯುವಾಗ ಹೊರಗಿನಿಂದ ಒಬ್ಬ ಸುತ್ತಿಗೆಯಲ್ಲಿ ಬಡಿದರೆ, ಇನ್ನೊಬ್ಬ ಆ ಕಬ್ಬಿಣದ ಹೊಟ್ಟೆಯೊಳಗೆ ಕೂತು ರಿವೀಟಿನ ತಲೆಗೆ ಭಾರದ ಉಕ್ಕಿನ ದಿಮ್ಮಿ ಒತ್ತಿ ಹಿಡಿಯಬೇಕು. ಒಳಗೆ ಕೂರುವವನು ಚೌಡಯ್ಯ. ಇಪ್ಪತ್ತೆರಡು ವರ್ಷ ಕೂತ. ಸಂಜೆ ಹೊರಗೆ ಬಂದರೆ ಅರ್ಧ ಗಂಟೆ ಲೋಕವೆಲ್ಲ ಗುಂಯ್ ಎನ್ನುತ್ತಿತ್ತು, ಆಮೇಲೆ ಸರಿಹೋಗುತ್ತಿತ್ತು. ಸರಿಹೋಯಿತು ಎಂದು ಅವನು ತಿಳಿದಿದ್ದ.

ಐವತ್ತೊಂಬತ್ತರ ಕೊನೆಯಿಂದ ಬೀಜಗಳು ಕಡಿಮೆಯಾಗತೊಡಗಿದವು. ಮೂವತ್ತನಾಲ್ಕು ಇದ್ದದ್ದು ಇಪ್ಪತ್ತೆಂಟಾಯಿತು, ಇಪ್ಪತ್ತಮೂರಾಯಿತು, ಅರವತ್ತೆರಡರ ಸಂಕ್ರಾಂತಿಯ ಹೊತ್ತಿಗೆ ಹತ್ತೊಂಬತ್ತಕ್ಕೆ ಇಳಿಯಿತು. ಕೆಂಬೂತ ಇತ್ತು, ಚೋರೆ ಇತ್ತು, ಕುಟ್ರು ಇತ್ತು, ದಪ್ಪ ದನಿಯವೆಲ್ಲ ಇದ್ದವು. ಸೂರಕ್ಕಿ, ಟುವ್ವಿ, ಬೆಳ್ಗಣ್ಣ ಇಂಥ ಸಣ್ಣ ದನಿಯವು ಒಂದೊಂದಾಗಿ ಪುಸ್ತಕದಿಂದ ಮಾಯವಾದವು. ಚೌಡಯ್ಯ ಅನ್ನ ಬಿಟ್ಟು ಕೊರಗಿದ. ಬನಕ್ಕೆ ಏನೋ ಕೇಡಾಗಿದೆ ಎಂದು ಮೇಷ್ಟ್ರ ಜಗುಲಿಯಲ್ಲಿ ಕೂತು ಹಲುಬಿದ.

ಕೇಡಿಗೆ ಕಾರಣ ಬೇಕಲ್ಲ. ಹುಡುಕಿದರು, ಸಿಕ್ಕಿತು. ಬಡವರು ಬೇಗ ಸಿಕ್ಕುತ್ತಾರೆ ನೋಡಿ. ಮಲವಗೊಪ್ಪದ ಕಡೆಯ ಐದಾರು ಹೆಂಗಸರು ಬನದೊಳಗೆ ಒಣಕಡ್ಡಿ ಆರಿಸಿ, ಹೊರೆ ಕಟ್ಟಿ, ಶಿವಮೊಗ್ಗದ ಹೋಟೆಲುಗಳಿಗೆ ಹಾಕಿ ಹೊಟ್ಟೆ ಹೊರೆಯುತ್ತಿದ್ದರು. ಇವರು ಪೊದೆ ಕೆದಕುವುದರಿಂದಲೇ ಸಣ್ಣ ಹಕ್ಕಿಗಳು ಗೂಡು ಬಿಟ್ಟು ಹೋದವು ಎಂದು ಸಂಘ ತೀರ್ಮಾನಿಸಿತು. ಪುಸ್ತಕದ ಲೆಕ್ಕವನ್ನು ನಕಲು ಮಾಡಿ ಅರಣ್ಯ ಇಲಾಖೆಗೆ ಒಂದು ಮನವಿ ಬರೆದರು. ಎಣಿಸಿದವನು ಎಂದು ಚೌಡಯ್ಯನೇ ಕೆಳಗೆ ಸಹಿ ಹಾಕಿದ. ಬೇಸಿಗೆ ಮುಗಿಯುವುದರೊಳಗೆ ಬನದ ಸುತ್ತ ಮುಳ್ಳುತಂತಿ ಬಂತು, ಒಬ್ಬ ಕಾವಲುಗಾರ ಬಂದ, ಹೆಂಗಸರು ಹೊರಗೆ ಉಳಿದರು. ಸಂಘದವರು ಆ ಭಾನುವಾರ ಮೈಸೂರುಪಾಕು ಹಂಚಿದರು.

ಎಣಿಕೆ ಮಾತ್ರ ಏರಲಿಲ್ಲ. ಮಾರನೇ ವರ್ಷ ಹದಿನಾರಕ್ಕೆ ಬಂದು ನಿಂತಿತು.

ಅರವತ್ತಮೂರರ ನವೆಂಬರಿನ ಭಾನುವಾರ ಚೌಡಯ್ಯ ಎಂದಿನಂತೆ ಮೊದಲೇ ಬಂದ. ತಂತಿಯ ಹೊರಗೆ ಕಲ್ಲಿನ ಮೇಲೆ ಒಬ್ಬ ಮುದುಕಿ ಸೌದೆ ಹೊರೆ ಇಳಿಸಿಕೊಂಡು ದಣಿವಾರಿಸಿಕೊಳ್ಳುತ್ತಿದ್ದಳು. ಮೊದಲು ಬನದೊಳಗೆ ಕಡ್ಡಿ ಆರಿಸುತ್ತಿದ್ದ ಹುಲಿಗೆಮ್ಮ. ಅರವತ್ತು ದಾಟಿದ ಜೀವ. ಈಗ ನಾಲೆಯಾಚೆ ನಾಲ್ಕು ಮೈಲಿ ಹೋಗಿ ಗುಡ್ಡದ ಬುಡದಿಂದ ಹೊತ್ತು ತರಬೇಕಾಗಿತ್ತು. ಅವಳಿಗೆ ಇವನ ಮುಖ ಪರಿಚಯವಿತ್ತು, ಹಕ್ಕಿ ಸಂಘದವರ ಪೈಕಿ ಒಬ್ಬ ಎಂದಷ್ಟೇ ಗೊತ್ತು. ಬಯ್ಯಲಿಲ್ಲ. ಮುಖ ಎತ್ತಿ, ನಿಜವಾಗಿ ಅರ್ಥವಾಗದವರು ಕೇಳುವ ಹಾಗೆ ಗಟ್ಟಿಯಾಗಿ ಕೇಳಿದಳು.

"ಒಳಗೆ ಹಕ್ಕಿ ಇಲ್ಲ ಅಂತ ಬರ್ದಿದೀರಂತಲ್ಲಪ್ಪ. ಈ ಗಿಡದಾಗೆ ಕೂತ್ಕಂಡು ಹೊತ್ತಾರೆಯಿಂದ ಒಂದೇ ಸಮ ಬಡ್ಕಂತಾ ಐತಲ್ಲ, ಇದು ಹಕ್ಕಿ ಅಲ್ದೆ ಇನ್ನೇನು?"

ಚೌಡಯ್ಯ ತಿರುಗಿ ನೋಡಿದ. ಎರಡು ಮಾರು ದೂರದಲ್ಲಿ, ತಂತಿಗೆ ತಾಗಿದ್ದ ಲಂಟಾನದ ಪೊದೆಯಲ್ಲಿ, ಟುವ್ವಿ ಹಕ್ಕಿ ಬಾಲ ನಿಗುರಿಸಿಕೊಂಡು ಕೂತಿತ್ತು. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಗಂಟಲು ಪಟಪಟ ಬಡಿದುಕೊಳ್ಳುತ್ತಿತ್ತು. ಇಡೀ ಮೈ ಅಲುಗಿಸಿ ಕೂಗುತ್ತಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಅವನಿಗೆ ಏನೂ ಕೇಳಿಸಲಿಲ್ಲ. ದೂರದಲ್ಲೆಲ್ಲೋ ಕೆಂಬೂತ ಗೂಪ್ ಗೂಪ್ ಎಂದದ್ದು ಕೇಳಿಸಿತು, ಕಣ್ಣೆದುರಿನ ಹಕ್ಕಿ ಮೂಕವಾಗಿ ಬಾಯಿ ಬಿಡುತ್ತಲೇ ಇತ್ತು. ಅವನು ಸೈಕಲ್ ತಿರುಗಿಸಿಕೊಂಡು ಊರಿಗೆ ಹೊರಟುಬಿಟ್ಟ. ಒಂಬತ್ತು ವರ್ಷದಲ್ಲಿ ಅವನು ತಪ್ಪಿಸಿದ್ದು ಅದೊಂದೇ ಎಣಿಕೆ.

ಅಲ್ಲಿಯವರೆಗೆ ಅವನಿಗೆ ಗೊತ್ತೇ ಇರಲಿಲ್ಲ ಎಂದರೆ ನಾನಂತೂ ಒಪ್ಪುವುದಿಲ್ಲ. ಹೆಂಡತಿ ಈಶ್ವರಮ್ಮ ಅಡುಗೆಮನೆಯಿಂದ ಕೂಗಿ ಕೂಗಿ ಸಾಕಾಗಿ, ಬಂದು ತೋಳು ಹಿಡಿದು ಅಲುಗಿಸುವುದು ವರ್ಷಗಳಿಂದ ನಡೆದಿತ್ತು. ವರ್ಕ್‌ಶಾಪಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಯಾರು ಏನು ಹೇಳಿದರೂ ಹೌದು ಹೌದು ಎಂದು ತಲೆ ಆಡಿಸಿ ದಾಟಿಕೊಳ್ಳುತ್ತಿದ್ದ. ಜನ ಮೆಲ್ಲಗೆ ಮಾತಾಡುವುದು ಕಲಿತಿದ್ದಾರೆ ಎಂದುಕೊಂಡಿದ್ದನೋ ಏನೋ. ಮನುಷ್ಯ ತನಗೆ ಬೇಡದ್ದನ್ನು ತನ್ನಿಂದಲೇ ಬಚ್ಚಿಡುವುದರಲ್ಲಿ ಬಲು ಜಾಣ.

ಮೂರು ವಾರ ಅವನು ಬೆಂಕಿ ನುಂಗಿದವನಂತೆ ಓಡಾಡಿದ. ಬಾಯಿ ಬಿಟ್ಟರೆ ಭಾನುವಾರ ಹೋಯಿತು. ಬೀಜ ಹೋಯಿತು, ಸಾಹುಕಾರರ ಪಕ್ಕದ ಜಾಗ ಹೋಯಿತು, ಉಳಿಯುವುದು ಬಾಯ್ಲರಿನ ಹೊಟ್ಟೆ ಒಂದೇ. ಬಾಯಿ ಬಿಡದಿದ್ದರೆ ಆ ಮುದುಕಿ ನಾಲ್ಕು ಮೈಲಿ ಹೋಗಿ ನಾಲ್ಕು ಮೈಲಿ ಹೊತ್ತು ಬರುತ್ತಲೇ ಇರುತ್ತಾಳೆ. ಒಂದು ರಾತ್ರಿ ಈಶ್ವರಮ್ಮನ ಹತ್ತಿರ ಹೇಳಿಕೊಂಡು ಅತ್ತ. ಅವಳು ಸೆರಗಿನಿಂದ ಅವನ ಮುಖ ಒರೆಸಿದಳು. ಹೇಳಬೇಡ ಎನ್ನಲಿಲ್ಲ.

ಡಿಸೆಂಬರಿನ ಮೊದಲನೇ ಭಾನುವಾರದ ಹಿಂದಿನ ಸಂಜೆ ಸಂಘದವರು ಮೇಷ್ಟ್ರ ಜಗುಲಿಯಲ್ಲಿ ಸೇರಿದ್ದರು. ಚೌಡಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದವನು ಕೂರಲಿಲ್ಲ.

"ಮೇಷ್ಟ್ರೇ, ನಾಲ್ಕು ವರ್ಷದ ಎಣಿಕೆಗೆ ಗೀಟು ಎಳೀರಿ. ಹಕ್ಕಿ ಎಲ್ಲೂ ಹೋಗಿಲ್ಲ. ಹೋಗಿರೋದು ನನ್ನ ಕಿವಿ."

ಯಾರಾದರೂ ಬೆಚ್ಚಿಬೀಳುತ್ತಾರೆ, ಯಾರಾದರೂ ರೇಗುತ್ತಾರೆ ಎಂದು ಅವನು ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದ. ಒಬ್ಬರೂ ಬೆಚ್ಚಲಿಲ್ಲ. ಚಂದ್ರಶೇಖರಪ್ಪನವರು ದುರ್ಬೀನಿನ ಪಟ್ಟಿ ಬಿಚ್ಚುವುದು, ಕಟ್ಟುವುದು ಮಾಡುತ್ತಾ ನೆಲ ನೋಡಿದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವಯೋಗಪ್ಪ ಮೇಷ್ಟ್ರು ಎದ್ದು ಬಂದು, ತುಟಿ ಅವನಿಗೆ ಕಾಣುವ ಹಾಗೆ ಎದುರಿಗೆ ನಿಂತರು.

"ಗೊತ್ತಿತ್ತು ಚೌಡಯ್ಯ. ಕಣ್ಣು ಮುಚ್ಚಿ ಕೂತಾಗ ನಮಗೆಲ್ಲ ಕೇಳಿಸ್ತಾ ಇತ್ತಲ್ಲ. ಮೊದಮೊದಲು ನಮ್ಮದೇ ತಪ್ಪು ಅಂದ್ಕೊಂಡ್ವಿ. ಆಮೇಲೆ ಗೊತ್ತಾಯ್ತು. ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ಯಾರೂ ಬಾಯಿ ಬಿಡಲಿಲ್ಲ."

"ಆ ಹೆಂಗಸರ ಮೇಲೆ ಕಾಗದ ಬರೆದಾಗಲೂ ಗೊತ್ತಿತ್ತಾ?"

ಮೇಷ್ಟ್ರು ಮುಖ ಆಚೆ ತಿರುಗಿಸಿದರು. ಬೇಲಿ ಬಿದ್ದರೆ ಬನಕ್ಕೆ ಹೇಗೂ ಒಳ್ಳೆಯದೇ ಅಲ್ಲವೆ ಎಂದು ಮೂಲೆಯಿಂದ ಯಾರೋ ಗೊಣಗಿದರು. ಅದು ಚೌಡಯ್ಯನಿಗೆ ಕೇಳಿಸಲಿಲ್ಲ, ಅಷ್ಟರ ಮಟ್ಟಿಗೆ ಅವನು ಪುಣ್ಯವಂತ.

"ನನ್ನ ಮರ್ಯಾದೆ ಉಳಿಸೋಕೆ ಆ ಹೆಂಗಸರ ಒಲೆ ಆರಿಸಿದ್ರಲ್ಲ ಮೇಷ್ಟ್ರೇ" ಎಂದ ಚೌಡಯ್ಯ. ದನಿ ಏರಿಸಲಿಲ್ಲ. ಏರಿತೋ ಇಲ್ಲವೋ ಅವನಿಗೆ ತಿಳಿಯುವ ಹಾಗೂ ಇರಲಿಲ್ಲ.

ಶಿವಯೋಗಪ್ಪನವರು ಕೆಟ್ಟ ಮನುಷ್ಯರಲ್ಲ. ಅವರ ಕಣ್ಣಲ್ಲಿ ನೀರು ತುಂಬಿತು. ಅಲ್ಲೇ, ಅದೇ ದೀಪದ ಕೆಳಗೆ ಪುಸ್ತಕ ತೆಗೆದು ನಾಲ್ಕು ವರ್ಷದ ಪುಟಗಳಿಗೆ ಕೆಂಪು ಶಾಯಿಯಲ್ಲಿ ಗೀಟು ಎಳೆದರು. ಎಣಿಕೆ ತಪ್ಪಾಗಿತ್ತು, ತಂತಿಯ ಬಾಗಿಲು ತೆರೆಸಿ ಎಂದು ಹೊಸ ಮನವಿ ಬರೆದರು. ಈ ಸಲ ಹದಿನೈದು ಜನವೂ ಸಹಿ ಹಾಕಿದರು. ಮೊದಲಿನ ಮನವಿಗೆ ಎರಡು ತಿಂಗಳಲ್ಲಿ ಬೇಲಿ ಬಂದಿತ್ತು. ಇದಕ್ಕೆ ಉತ್ತರ ಬರುವ ಹೊತ್ತಿಗೆ ಯುಗಾದಿ ಕಳೆಯಿತು. ನಡುವೆ ಮೇಷ್ಟ್ರು ಏಳು ಸಲ ಕಚೇರಿಗೆ ಅಲೆದರು, ಅದನ್ನೂ ಹೇಳದಿದ್ದರೆ ಅನ್ಯಾಯ.

ಬಾಗಿಲು ತೆರೆದ ದಿನ ಹುಲಿಗೆಮ್ಮನಿಗೆ ಸುದ್ದಿ ತಾನೇ ಹೇಳುತ್ತೇನೆ ಎಂದು ಚೌಡಯ್ಯ ಹೊರಟ. ಮೇಷ್ಟ್ರು ಜೊತೆಗೆ ಬರುತ್ತೇನೆ ಎಂದರು, ಬೇಡ ಎಂದ. ಮಲವಗೊಪ್ಪದಲ್ಲಿ ಕೇಳಿಕೊಂಡು ಅವಳ ಗುಡಿಸಲು ಹುಡುಕಿದ. ಅವಳು ಬಾಗಿಲ ಪಕ್ಕ ಗೋಡೆಗೆ ಒರಗಿ ಕಾಲು ನೀಡಿಕೊಂಡು ಕೂತಿದ್ದಳು. ಇನ್ನು ಬನಕ್ಕೆ ಹೋಗಬಹುದವ್ವ, ಯಾರೂ ತಡೆಯುವುದಿಲ್ಲ ಎಂದ. ಹಕ್ಕಿ ಇಲ್ಲ ಎಂದು ಎಣಿಸಿ ಸಹಿ ಹಾಕಿದ ಪಾಪಿ ತಾನೇ ಎಂದೂ ಹೇಳಿದ.

ಹುಲಿಗೆಮ್ಮ ನೀಡಿದ ಕಾಲನ್ನು ಕೈಯಲ್ಲಿ ನೀವಿಕೊಂಡಳು. ಆಮೇಲೆ ತಲೆ ತಗ್ಗಿಸಿಕೊಂಡು ಏನೋ ಹೇಳಿದಳು. ತುಟಿ ಕಾಣಲಿಲ್ಲ, ದನಿ ಹತ್ತಲಿಲ್ಲ. ಚೌಡಯ್ಯ ಎಂದಿನ ಅಭ್ಯಾಸದಂತೆ ಹೌದು ಹೌದು ಎಂದು ತಲೆ ಆಡಿಸಲು ಹೋದವನು ತಡೆದುಕೊಂಡ. ಶಾಪ ಹಾಕಿದ್ದರೆ ಅದನ್ನೂ ಪೂರ್ತಿ ಕೇಳಿಸಿಕೊಂಡು ಹೋಗಬೇಕು ಎನ್ನಿಸಿತು. ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

"ಕೇಳಿಸಲಿಲ್ಲ ಕಣವ್ವ. ನಂಗೆ ಕಿವಿ ಇಲ್ಲ. ಜೋರಾಗಿ ಹೇಳು."

ಅವಳು ಮುಖ ಎತ್ತಿ, ಉಸಿರು ತುಂಬಿಕೊಂಡು, ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು. "ಮಂಡಿ ಹೋತು ಅಂದೆ ಕಣಪ್ಪ. ನಾಲೆ ಆಚೆಯಿಂದ ಹೊತ್ತೂ ಹೊತ್ತೂ ಮಂಡಿ ಹೋತು. ಇನ್ನು ಬಾಗ್ಲು ತೆಗುದ್ರೇನು, ಹಾಕಿದ್ರೇನು, ನಂಗೆ ಬಗ್ಗಾಕೆ ಆಗಲ್ಲ."

ಅದು ಚೌಡಯ್ಯನಿಗೆ ಒಂದಕ್ಷರವೂ ಬಿಡದೆ ಕೇಳಿಸಿತು.