ಅತ್ತಿಗೆ ಕಟ್ಟಿಕೊಟ್ಟ ವಾಕ್ಯಗಳು

ಹೋದ ವಾರ ಕೊಳ್ಳೇಗಾಲದಿಂದ ಹನೂರಿನ ಕಡೆ ಹೋಗುತ್ತಿದ್ದೆ. ದಾರಿಯಲ್ಲಿ ಯಾರೋ ಟಾರು ರಸ್ತೆಯ ಮೇಲೇ ರಾಗಿ ತೆನೆ ಹರಡಿದ್ದರು. ಈಗ ಒಕ್ಕಣೆಯನ್ನೂ ಬಸ್ಸು, ಲಾರಿಗಳೇ ಪುಕ್ಕಟೆಯಾಗಿ ಮಾಡಿಕೊಡುತ್ತವೆ. ನಮ್ಮ ಬಸ್ಸು ಅದರ ಮೇಲೆ ಹಾದಾಗ ನಲುಗಿದ ಹುಲ್ಲಿನ ವಾಸನೆ, ಧೂಳು ಎಲ್ಲ ಒಟ್ಟಿಗೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿದ್ದವರು ಸೀನುತ್ತ, "ಕಿಟಕಿ ಮುಚ್ಚಿ" ಅಂದರು. ನಾನು ಮುಚ್ಚಲಿಲ್ಲ. ಅತ್ತಿಗೆ ನೆನಪಾಗಿದ್ದಳು...

ಅರವತ್ತರ ದಶಕದ ಮಾತು. ಶಾಗ್ಯದಲ್ಲಿ ನಮ್ಮ ಮನೆ, ಹನೂರಿನಲ್ಲಿ ಹೈಸ್ಕೂಲು. ಅಣ್ಣನ ಕೈ ಹಿಡಿದು ಬಂದ ಅತ್ತಿಗೆ ನನಗಿಂತ ಮೂರೇ ವರ್ಷಕ್ಕೆ ದೊಡ್ಡವಳು. ಯಳಂದೂರಿನಲ್ಲಿ ಹೈಸ್ಕೂಲು ಓದುತ್ತಿದ್ದವಳನ್ನು ಅರ್ಧಕ್ಕೆ ಬಿಡಿಸಿ ಮದುವೆ ಮಾಡಿದ್ದರು. ಸಂಜೆ ನಾನು ಚೀಲ ಕೆಳಗಿಡುವ ಮೊದಲೇ ಕೊಟ್ಟಿಗೆಯಿಂದ ಕೂಗುತ್ತಿದ್ದಳು: "ಇವತ್ತೇನ್ ಪದ ಅಮ್ಮಿ?" ಅಣ್ಣ ಹೊಲದಿಂದ ಬರುವಷ್ಟರಲ್ಲಿ ನಮ್ಮ ಪಾಠ ಮುಗಿದಿರುತ್ತಿತ್ತು.

ನಮ್ಮ ಇಂಗ್ಲಿಷ್ ಮೇಷ್ಟ್ರು ಮೈಸೂರಿನವರು. ಪದಗಳನ್ನು ಗುಂಪು ಗುಂಪಾಗಿ ಕಲಿಸುವುದು ಅವರ ಅಭ್ಯಾಸ. ಒಂದು ವಾರ ಪೂರ್ತಿ ತಡೆಯುವ, ಹಿಡಿತದಲ್ಲಿಡುವ ಪದಗಳೇ. ಬಸ್ಸನ್ನು ಡ್ರೈವರು ಮಾಡುವುದು ಕಂಟ್ರೋಲ್. ಆಸೆಗೆ, ಖರ್ಚಿಗೆ ಹಾಕುವುದು ಕರ್ಬ್. ಮುನ್ನುಗ್ಗುವುದನ್ನು ತಟ್ಟನೆ ನಿಲ್ಲಿಸಿದರೆ ಚೆಕ್. ಬಾಯಿಗೆ ಬಂದ ಮಾತನ್ನು ನಾವೇ ನುಂಗಿಕೊಂಡರೆ ರಿಸ್ಟ್ರೇನ್, ಬೇರೆಯವರು ನಮ್ಮ ಬಾಯಿ ಕಟ್ಟಿದರೆ ಮಝಲ್. ಒಂದರ ಜಾಗದಲ್ಲಿ ಇನ್ನೊಂದು ಬರೆದರೆ ಮೇಷ್ಟ್ರ ಕೆಂಪು ಶಾಯಿ ಓಡುತ್ತಿತ್ತು. ನನಗೋ ಎಲ್ಲವೂ ಒಂದೇ ಥರ ಕಾಣುತ್ತಿದ್ದವು.

ಅತ್ತಿಗೆ ಸಗಣಿ ಕೈಯಲ್ಲೇ ನಿಂತು ಕೇಳಿ ನಕ್ಕಳು. "ಅಷ್ಟೊಂದ್ ಪದ ಯಾಕವ್ವ ಅವ್ರಿಗೆ? ನಮ್ಗೆ ಒಂದೇ ಸಾಕು, ಸುಮ್ಕಿರು ಅಂತ."

ಆಮೇಲೆ ಕೈ ತೊಳೆದು ಬಂದು ಬಿಡಿಸಿ ಹೇಳಿದಳು. ಸೊಸೆ ತಾನಾಗಿ ಅಳು ನುಂಗಿದರೆ ರಿಸ್ಟ್ರೇನ್, ಅತ್ತೆಯ ಕಣ್ಣು ಕಂಡು ಅಳು ನಿಂತರೆ ಚೆಕ್! ಒಂದೊಂದಕ್ಕೂ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿಕೊಟ್ಟಳು. ಮಝಲ್‌ಗೆ ಕಟ್ಟಿದ್ದು, ತೆನೆ ತಿನ್ನದಂತೆ ನಾವು ಎತ್ತಿನ ಬಾಯಿಗೆ ಕುಕ್ಕೆ ಹಾಕುತ್ತೇವೆ, ಆದರೆ ಮೊದಲ ಸುತ್ತಿನಲ್ಲಿ ಅಲ್ಲ, ಎಂಬರ್ಥದ ವಾಕ್ಯ. ನಾನು ಎಲ್ಲವನ್ನೂ ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ಮೇಷ್ಟ್ರು ಅವನ್ನು ತರಗತಿಗೆಲ್ಲ ಓದಿ ಹೇಳಿ ನನ್ನನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿದರು. ಹೊಗಳಿಕೆಯ ರುಚಿ ನನಗೆ ಚೆನ್ನಾಗಿಯೇ ಹತ್ತಿತು. ಅಂದಿನಿಂದ ನನ್ನ ವಾಕ್ಯಗಳೆಲ್ಲ ಅತ್ತಿಗೆಯವೇ.

ಮನೆಯಲ್ಲಿರುವ ಹೆಂಗಸರೂ ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಬಹುದು ಎಂದು ಮೇಷ್ಟ್ರು ಒಮ್ಮೆ ಹೇಳಿದ್ದರು. ಅದನ್ನು ಅತ್ತಿಗೆಗೆ ಹೇಳಿದಾಗ ಅವಳು ಕೆಲಸ ಬಿಟ್ಟು ನನ್ನ ಮುಂದೆ ಬಂದು ಕೂತಳು. "ನನ್ ವಿಷ್ಯ ಒಂದ್ ಮಾತು ಕೇಳ್ ನೋಡು ಅಮ್ಮಿ. ಮೇಷ್ಟ್ರು ಬಂದು ಏಳಿದ್ರೆ ಮಾವ ಬ್ಯಾಡ ಅನ್ನಕಿಲ್ಲ." ನಾನು ಇವತ್ತು, ನಾಳೆ ಎಂದು ಮುಂದೂಡುತ್ತಲೇ ಹೋದೆ.

ಸುಗ್ಗಿಯ ಒಂದು ಭಾನುವಾರ ಮೇಷ್ಟ್ರೇ ನಮ್ಮ ಕಣಕ್ಕೆ ಬಂದುಬಿಟ್ಟರು. ಆ ಮೊದಲ ಸುತ್ತು ಅಂದರೇನು ಎಂದು ಅವರ ತಲೆ ಕೊರೆಯುತ್ತಿತ್ತಂತೆ. ಅಣ್ಣ ಸಂತೆಗೆ ಹೋಗಿದ್ದ. ಅಪ್ಪ ಒಕ್ಕುವ ಕಲ್ಲಿಗೆ ಎತ್ತು ಹೂಡಿ ನಿಂತಿದ್ದರು.

"ಮೊದ್ಲ ಸುತ್ತು ಅವುಗಳ್ದೇ ಕಣ್ ಸಾ. ಬಾಯ್ ತುಂಬ ತಿನ್ಕಳ್ಳಿ. ಆಮ್ಯಾಕೆ ಕುಕ್ಕೆ," ಎಂದರು ಅಪ್ಪ.

ಎತ್ತುಗಳು ಕಾಲ ಕೆಳಗಿನ ತೆನೆಗೆ ಬಾಯಿ ಹಾಕುವುದನ್ನು ಮೇಷ್ಟ್ರು ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು. "ನಿಜ ಹೇಳಮ್ಮ, ಆ ವಾಕ್ಯ ನೀನೇ ಬರೆದದ್ದಾ? ಮನೆಯಲ್ಲಿ ಬೇರೆ ಯಾರಾದರೂ ಬರೆದಿದ್ದರೆ ಹೇಳು, ಅವರನ್ನೂ ಪರೀಕ್ಷೆಗೆ ಕೂರಿಸೋಣ."

ಅತ್ತಿಗೆ ಮಜ್ಜಿಗೆ ಚೊಂಬು ಹಿಡಿದು ಎರಡು ಮಾರು ದೂರದಲ್ಲಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ನಾನೇ ಬರ್ದೆ ಸಾ," ಎಂದೆ.

ಹೆದರಿ ಹೇಳಿದ್ದಲ್ಲ. ಮುಂದಿನ ಬೆಂಚು ಬಿಟ್ಟುಕೊಡಲು ಮನಸ್ಸಿರಲಿಲ್ಲ, ಅಷ್ಟೇ. ಅತ್ತಿಗೆ ಬಂದು ಮೇಷ್ಟ್ರಿಗೆ ಮಜ್ಜಿಗೆ ಕೊಟ್ಟಳು, ಖಾಲಿ ಚೊಂಬು ತೆಗೆದುಕೊಂಡು ಹೋದಳು. ಮಾವನ ಎದುರು ಸೊಸೆ ಬಾಯಿ ತೆರೆಯುವ ಕಾಲ ಅದಲ್ಲ.

ಸಂಜೆ ಅಳುತ್ತ ಕೊಟ್ಟಿಗೆಗೆ ಹೋದೆ. "ಓಗ್ಲಿ ಬುಡು, ನೀನಾರ ಓದ್ಕೊ," ಎಂದು ತಲೆ ಸವರಿದಳು. ಮಾರನೆಯ ದಿನ ಶಾಲೆಯಿಂದ ಬಂದು ಚೀಲ ಕೆಳಗಿಟ್ಟೆ, ಕೊಟ್ಟಿಗೆಯಿಂದ ಕೂಗು ಬರಲಿಲ್ಲ. ಆಮೇಲೆ ಅವಳು ಯಾವತ್ತೂ ಪದ ಕೇಳಲಿಲ್ಲ...

ನಾನು ಓದಿ ಇಂಗ್ಲಿಷ್ ಟೀಚರಾದೆ. ಅವಳ ವಾಕ್ಯಗಳನ್ನೇ ಬೋರ್ಡಿನ ಮೇಲೆ ಬರೆದು ನಿವೃತ್ತಿಯವರೆಗೂ ಸಂಬಳ ತಿಂದೆ. ರಜೆಗೆ ಊರಿಗೆ ಹೋದಾಗಲೆಲ್ಲ ಆ ಒಂದು ಪ್ರಶ್ನೆ ಕೇಳಲಿ ಎಂದು ಅವಳ ಹಿಂದೆ ಮುಂದೆ ಸುಳಿದಾಡುತ್ತಿದ್ದೆ. ಅವಳು ಇನ್ನೊಂದು ಮುದ್ದೆ ಬೇಕಾ ಎಂದು ಕೇಳುತ್ತಿದ್ದಳು. ಆ ಕೂಗಿಗೆ ನನ್ನ ಕಿವಿ ಎಷ್ಟು ಹಂಬಲಿಸಿತು ಎಂದು ಅವಳಿಗೆ ನಾನು ಹೇಳಲೇ ಇಲ್ಲ.

ಅವಳು ತೀರಿಹೋಗಿ ಮೂರು ತಿಂಗಳಾಯಿತು. ಹೋದ ವಾರ ಬಸ್ಸಿಳಿದು ಮನೆಗೆ ಹೋದವಳು ಅಣ್ಣನ ಎದುರು ಕೂತು ನೋಟ್‌ಬುಕ್ಕು, ಮೇಷ್ಟ್ರು, ನನ್ನ ಸುಳ್ಳು ಎಲ್ಲವನ್ನೂ ಹೇಳಿಬಿಟ್ಟೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅವ್ಳಿಗೆ ಇಂಗ್ಲೀಸು ಬರಿಯಕ್ ಬತ್ತಿತ್ತಾ?" ಎಂದು ಕೇಳಿದ ಅಣ್ಣ.

"ನಂಗಿಂತ ಚೆಂದಾಗ್ ಬತ್ತಿತ್ತು ಕಣಣ್ಣ," ಎಂದೆ. ಅದನ್ನು ಕೇಳಬೇಕಾಗಿದ್ದವಳು ಮನೆಯಲ್ಲಿರಲಿಲ್ಲ.