ಬೆನ್ನಲ್ಲಿ ಸೀಳಿದ ತೊಗಲು

ಹುಮನಾಬಾದಿನ ಮಚ್ಚೇಂದ್ರನಿಗೆ ತೊಗಲು ಹದ ಮಾಡುವುದು ಅಪ್ಪನಿಂದ ಬಂದ ಕಸುಬು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಾಕು, ಇದು ಆಡಿನದು, ಇದು ಕರುವಿನದು, ಇದು ಬೇನೆ ಬಿದ್ದು ಸತ್ತ ದನದ್ದು ಎಂದು ಹೇಳಿಬಿಡುತ್ತಿದ್ದ. ಅವನನ್ನು ಅಂಗಳಕ್ಕೂ ಕರೆಯದ ದೊಡ್ಡ ಮನುಷ್ಯರು ತೊಗಲಿನ ವಿಷಯ ಬಂದರೆ ಅವನ ಬಾಗಿಲಿಗೇ ಬರಬೇಕಿತ್ತು. ಆ ಹೆಮ್ಮೆ ಬಿಟ್ಟರೆ ಊರು ಅವನಿಗೆ ಕೊಟ್ಟದ್ದು ಬೇರೇನೂ ಇಲ್ಲ. ಅದನ್ನೂ ಅವನು ತನ್ನ ಕೈಯಾರೆ ಕೆಡಿಸಿಕೊಂಡ.

೧೯೪೯ರ ಬೇಸಿಗೆಯಲ್ಲಿ ಬಸವಕಲ್ಯಾಣದಿಂದ ಸರ್ದಾರಬಿ ಎಂಬ ವಿಧವೆ ಗಂಟೊಂದನ್ನು ಹೊತ್ತು ಬಂದಳು. ಆಕೆಯ ಗಂಡ ಬಂದೇನವಾಜ್ ಹೈದರಾಬಾದಿನಲ್ಲಿ ಬಿಳಿಯ ಇಂಜಿನಿಯರ್ ಸಾಹೇಬನೊಬ್ಬನ ಅಡುಗೆಯವನಾಗಿದ್ದ. ನಲವತ್ತೇಳರಲ್ಲಿ ದೇಶ ಬಿಡುವಾಗ ಸಾಹೇಬ ಅವನಿಗೊಂದು ತುಪ್ಪಟದ ತೊಗಲು ಕೊಟ್ಟಿದ್ದ. ಪ್ರಾಣಿಯ ಹೆಸರು ಕೋಯ್ಪು. ಹೆಗ್ಗಣದ ಬಳಗವೇ, ಆದರೆ ಬೆಕ್ಕಿಗಿಂತ ದೊಡ್ಡದು. ಸಮುದ್ರದಾಚೆಯ ನಾಡಿನಲ್ಲಿ ಹೊಳೆಯ ದಂಡೆಗೆ ಬಿಲ ತೋಡುತ್ತದೆ. ತಾಯಿ ಈಜುತ್ತಲೇ ಮರಿಗೆ ಹಾಲೂಡಿಸುತ್ತದೆ ಎಂದು ಬಂದೇನವಾಜ್ ಹೇಳಿದ್ದೇ ಹೇಳಿದ್ದು, ಬೀಗರು ನಕ್ಕಿದ್ದೇ ನಕ್ಕಿದ್ದು. ಮರುವರ್ಷ ಅವನು ಜ್ವರದಲ್ಲಿ ತೀರಿಕೊಂಡ. ಗಂಡ ಬಡಾಯಿಗಾರನಲ್ಲ ಎಂದು ಬಲ್ಲವನ ಬಾಯಿಂದ ಕೇಳಬೇಕು, ಅಷ್ಟೇ ಆಕೆಯ ಆಸೆ.

"ನಮ್ಮವ್ರು ಹೇಳಿದ್ದು ಖರೆ ಹೌದೋ ಅಲ್ಲೋ, ನೋಡಿ ಹೇಳು ಭಯ್ಯಾ."

ಗಂಟು ಬಿಚ್ಚುತ್ತಲೇ ಜನ ಸೇರಿದರು. ಮಚ್ಚೇಂದ್ರ ತೊಗಲನ್ನು ತಿರುವಿ ನೋಡಿ ತಬ್ಬಿಬ್ಬಾದ. ಯಾರೇ ಆಗಲಿ ಸತ್ತ ಪ್ರಾಣಿಯನ್ನು ಹೊಟ್ಟೆಯ ಕಡೆ ಸೀಳುತ್ತಾರೆ. ಇದನ್ನು ಬೆನ್ನಲ್ಲಿ ಸೀಳಿದ್ದರು. ಹೊಟ್ಟೆಯ ಮೇಲೆ ಬರೀ ಮೆತ್ತನೆಯ ಕೂದಲು; ಮೊಲೆತೊಟ್ಟಿನ ಗುರುತುಗಳು ಪಕ್ಕೆಯ ಮೇಲೆ, ಬೆನ್ನಿನ ಹತ್ತಿರ! ಯಾರೋ ಎರಡು ತೊಗಲು ಸೇರಿಸಿರಬೇಕು ಎಂದು ಹೊಲಿಗೆ ಹುಡುಕಿದ. ಬೆರಳಿಗೆ ಹೊಲಿಗೆ ಸಿಗಲಿಲ್ಲ. ಮತ್ತೊಮ್ಮೆ ಹುಡುಕಿದ. ಸಿಗಲಿಲ್ಲ.

ತನಗೆ ತಿಳಿಯದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ಜನರೆದುರು ಆ ಮಾತಿಗೆ ಹಾಳು ನಾಲಿಗೆ ಹೊರಳಬೇಕಲ್ಲ!

"ಬೆನ್ನ ಮ್ಯಾಲ ಮೊಲಿ ಇರೋ ಪ್ರಾಣಿ ಎಲ್ಲೈತ್ರಿ ಅಮ್ಮಾ? ಎರಡು ತೊಗಲು ಕೂಡಿಸಿ ಹೊಲದಾರ. ನಿಮ್ಮವ್ರು ಛಲೋ ಕಥಿ ಕಟ್ಯಾರ ಬಿಡ್ರಿ."

ಜನ ಬಿದ್ದು ಬಿದ್ದು ನಕ್ಕರು. ನಿಜಾಮನ ಪರ ನಿಂತ ರಜಾಕಾರರ ಗಲಾಟೆ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಮುಸ್ಲಿಮರ ಹೆಂಗಸೊಬ್ಬಳ ಪರವಾಗಿ ಬಾಯಿ ತೆರೆಯುವವರು ಅಲ್ಲಿ ಯಾರೂ ಇರಲಿಲ್ಲ. ಸರ್ದಾರಬಿ ತೊಗಲು ಸುತ್ತಿಕೊಂಡು ಹೊರಟುಹೋದಳು.

ಮುಂದೆ ಒಂದು ವರ್ಷ ಮಚ್ಚೇಂದ್ರ ಈ ಕಥೆಯನ್ನು ಸಿಕ್ಕಸಿಕ್ಕವರಿಗೆ ಹೇಳಿದ. ಹೊಲಿಗೆ ಸಿಗಲಿಲ್ಲ ಎಂಬುದನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ. ಊರಿಗೆ ಹೊಸದಾಗಿ ಬಂದ ದನದ ಡಾಕ್ಟರ್ ದೇವಿದಾಸರನ್ನೂ ನಗಿಸಲು ಹೋದ. ಅವರು ನಗಲಿಲ್ಲ.

"ಅದು ಕೋಯ್ಪು, ಮಚ್ಚೇಂದ್ರ. ತೊಗಲಿನ ವ್ಯಾಪಾರದವ್ರು ನ್ಯೂಟ್ರಿಯಾ ಅಂತಾರ. ಅದು ಖರೆ ಅಂದ್ರ ನೀರುನಾಯಿ ಹೆಸರು, ಇದಕ್ಕ ಅಂಟಿಸ್ಯಾರ. ತಾಯಿ ನೀರಾಗ ಈಜಾಕತ್ತಿದ್ರೂ ಮರಿಗೆ ಹಾಲು ಸಿಗಬೇಕಲ್ಲ, ಅದಕ್ಕ ಮೊಲಿ ಅಷ್ಟು ಮ್ಯಾಲ ಇರ್ತಾವ. ಹೊಟ್ಟಿ ಕೂದಲಕ್ಕ ಕಿಮ್ಮತ್ತು ಜಾಸ್ತಿ, ಅದು ಕೆಡಬಾರದಂತ ಬೆನ್ನಾಗ ಸೀಳ್ತಾರ."

ತಿಳಿಯದೆ ತಪ್ಪಿದ್ದರೆ ಮಚ್ಚೇಂದ್ರನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ತನ್ನ ಬೆರಳು ಅಂದೇ ಸತ್ಯ ಹೇಳಿತ್ತು, ಸುಳ್ಳಾಡಿದ್ದು ಬಾಯಿ. ಮರುದಿನವೇ ಬಸವಕಲ್ಯಾಣಕ್ಕೆ ಹೋಗಿ, ಸರ್ದಾರಬಿಯ ಹೊಸ್ತಿಲ ಹೊರಗೆ ತಲೆ ತಗ್ಗಿಸಿ ನಿಂತ.

"ನಿಮ್ಮವ್ರು ಹೇಳಿದ್ದು ಖರೆ ಇತ್ರಿ ಅಮ್ಮಾ. ತೊಗಲಿಗೆ ಹೊಲಗಿ ಇರಲಿಲ್ಲ. ನನಗ ಆವತ್ತೇ ಗೊತ್ತಿತ್ತು."

ಆಕೆ ಬೈದಾಳು ಎಂದು ಕಾದ. ಬೈದರೆ ಸಾಕೆಂದೂ ಅನ್ನಿಸಿತ್ತು. ಸರ್ದಾರಬಿ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಕುಳಿತಳು.

"ಬೀಗರು ಬಡಾಯಿ ಅಂತ ನಕ್ಕಾಗ ನಾ ನಂಬಿರಲಿಲ್ಲ ಭಯ್ಯಾ. ತೊಗಲು ಬಲ್ಲವ ನೀ ಅಂದಿ ಅಂತ ನಂಬಿದೆ. ನಮ್ಮವ್ರು ನನಗೂ ಸುಳ್ಳು ಹೇಳಿ ಹೋದ್ರಲ್ಲ ಅಂತ ಸಿಟ್ಟು ಬಂತು. ಅವ್ರು ತೀರಿದ ವರ್ಷದ ದಿನ, ಸತ್ತವರಿಗೆ ಓದಿಸೋ ಫಾತಿಹಾ ಸುದ್ದಾ ಅವ್ರ ಹೆಸರಲೆ ಓದಿಸಲಿಲ್ಲ."